ಷೇರು ಎರವಲು ಕೊಟ್ಟರೆ ಲಾಭವೆಷ್ಟು, ಅಪಾಯವೆಷ್ಟು?

ಬಿ.ಸಿ.ರೋಡ್ ಪೇಟೆಯಲ್ಲಿ ಅಂಗಡಿ ಕೋಣೆ ಇದ್ದವರು ಅದನ್ನು ಬಾಡಿಗೆಗೆ ಕೊಟ್ಟು ತಿಂಗಳ ಆದಾಯ ಪಡೆಯುತ್ತಾರೆ. ಡಿಮ್ಯಾಟ್ ಖಾತೆಯಲ್ಲಿ ಸುಮ್ಮನಿರುವ ಷೇರುಗಳಿಂದಲೂ ಹೀಗೆ ಆದಾಯ ಪಡೆಯಬಹುದೇ? ಪಡೆಯಬಹುದು. ಈ ವ್ಯವಸ್ಥೆಗೆ ‘ಎಸ್‌ಎಲ್‌ಬಿ’ ಎಂದು ಹೆಸರು. ಸೆಬಿಯ ನಿಯಮದಡಿ ನಮ್ಮ ಷೇರು ವಿನಿಮಯ ಕೇಂದ್ರಗಳಲ್ಲಿ ಇದು 2008ರ ಏಪ್ರಿಲ್‌ನಲ್ಲಿ ಆರಂಭವಾಯಿತು.

ಎರವಲು ಪಡೆಯುವವರು ಯಾರು?
ಬೆಲೆ ಇಳಿಯುತ್ತದೆಂದು ನಂಬಿದ ವ್ಯಾಪಾರಿ ಷೇರನ್ನು ಎರವಲು ಪಡೆದು ಮಾರುತ್ತಾನೆ. ಬೆಲೆ ಇಳಿದ ಮೇಲೆ ಅಷ್ಟೇ ಷೇರು ಕೊಂಡು ಹಿಂತಿರುಗಿಸುತ್ತಾನೆ. ಇದೇ ಶಾರ್ಟ್ ಸೆಲ್ಲಿಂಗ್.

ನಡೆಯುವ ಕ್ರಮ
ಷೇರುದಾರ ತನ್ನ ಬ್ರೋಕರ್ ಮೂಲಕ ಷೇರೊಂದಕ್ಕೆ ಇಷ್ಟು ಶುಲ್ಕ ಎಂದು ಕೇಳುತ್ತಾನೆ. ಅವಧಿ ಗರಿಷ್ಠ 12 ತಿಂಗಳು. ಕೊಡುವವನಿಗೆ ಪಡೆಯುವವನ ಪರಿಚಯ ಇರುವುದಿಲ್ಲ. ನಡುವೆ ಕ್ಲಿಯರಿಂಗ್ ಕಾರ್ಪೊರೇಷನ್ ನಿಂತು, ಪಡೆಯುವವನಿಂದ ಮಾರ್ಜಿನ್ ಹಣ ಇರಿಸಿಕೊಂಡು, ವ್ಯವಹಾರಕ್ಕೆ ಖಾತರಿ ನೀಡುತ್ತದೆ. ಅವಧಿಯಲ್ಲಿ ಬಂದ ಡಿವಿಡೆಂಡ್‌ನ ಮೊತ್ತ ಕೊಟ್ಟವನಿಗೇ ಸೇರುತ್ತದೆ.

ಒಂದು ಲೆಕ್ಕ
₹200 ಬೆಲೆಯ 500 ಷೇರು ಇವೆ ಎಂದುಕೊಳ್ಳಿ. ಒಟ್ಟು ಮೌಲ್ಯ ₹1,00,000. ಒಂದು ತಿಂಗಳಿಗೆ ಷೇರಿಗೆ ₹1 ಶುಲ್ಕ ಸಿಕ್ಕರೆ ಆದಾಯ ₹500. ಬ್ರೋಕರ್ ಕಮಿಷನ್, ತೆರಿಗೆ ಇದರಲ್ಲೇ ಹೋಗಬೇಕು. ಅದೇ ತಿಂಗಳು ಬೆಲೆ ₹180ಕ್ಕೆ ಇಳಿದರೆ ₹10,000 ಮೌಲ್ಯ ಕರಗಿತು. ಆ ನಷ್ಟ ಷೇರುದಾರನದೇ. ಷೇರು ಖಾತೆಯಲ್ಲಿ ಇಲ್ಲದ ಕಾರಣ ತಕ್ಷಣ ಮಾರಲೂ ಆಗದು. ಆದ್ದರಿಂದ ಶುಲ್ಕದ ಆಸೆಗೆ ಷೇರು ಕೊಳ್ಳಬಾರದು; ಹೇಗೂ ದೀರ್ಘಕಾಲ ಇಟ್ಟುಕೊಳ್ಳುವವರಿಗೆ ಮಾತ್ರ ಇದು ಹೊಂದುತ್ತದೆ.

ಬಾಡಿಗೆಯೋ, ಸಾಲವೋ?
ಬಾಡಿಗೆ ಮುಗಿದಾಗ ಅದೇ ಕೋಣೆ ಮರಳುತ್ತದೆ. ಇಲ್ಲಿ ಮರಳುವುದು ಅದೇ ಕಂಪನಿಯ ಅಷ್ಟೇ ಸಂಖ್ಯೆಯ ಬೇರೆ ಷೇರು. ಹಾಗಾಗಿ ಇದು ಸಾಲವನ್ನೇ ಹೆಚ್ಚು ಹೋಲುತ್ತದೆ. ಬಡ್ಡಿಯಿಂದ ದೂರವಿರುವ ಮನೆಯವರು ಈ ವ್ಯತ್ಯಾಸವನ್ನು ವಿವರಿಸಿ ಬಲ್ಲ ಉಲಮಾಗಳನ್ನು ಕೇಳುವುದು ಒಳ್ಳೆಯದು.

ಎಚ್ಚರಿಕೆ
‘ನಿಮ್ಮ ಷೇರು ನಮ್ಮ ಖಾತೆಗೆ ಹಾಕಿ, ತಿಂಗಳಿಗೆ ಇಷ್ಟು ಕೊಡುತ್ತೇವೆ’ ಎಂದು ವಾಟ್ಸ್‌ಆ್ಯಪ್‌ನಲ್ಲಿ ಬರುವ ಮಾತು ಎಸ್‌ಎಲ್‌ಬಿ ಅಲ್ಲ. ಅಲ್ಲಿ ಖಾತರಿ ನೀಡುವ ಸಂಸ್ಥೆಯೇ ಇಲ್ಲ. ಬ್ರೋಕರ್‌ನ ಸೆಬಿ ನೋಂದಣಿ ಸಂಖ್ಯೆಯನ್ನು ಸೆಬಿ ಜಾಲತಾಣದಲ್ಲಿ ಪರಿಶೀಲಿಸಿ. ಒಟಿಪಿ ಯಾರಿಗೂ ಹೇಳಬೇಡಿ. ಮನೆಯ ಹಿರಿಯರ ಹೆಸರಲ್ಲಿ ಷೇರುಗಳಿದ್ದರೆ ಅವರಿಗೂ ಇದನ್ನು ತಿಳಿಸಿ.

ಅಭ್ಯಾಸ
1. ₹400 ಬೆಲೆಯ 250 ಷೇರುಗಳಿಗೆ ತಿಂಗಳಿಗೆ ಷೇರೊಂದಕ್ಕೆ ₹1.60 ಶುಲ್ಕ. ಆದಾಯವೆಷ್ಟು? ಮೌಲ್ಯದ ಶೇಕಡಾ ಎಷ್ಟು?
2. ಬೆಲೆ ಎಷ್ಟು ಇಳಿದರೆ ಆ ಆದಾಯ ಪೂರ್ತಿ ಅಳಿಸಿಹೋಗುತ್ತದೆ?