ಕಾಲು ಸೋತರೂ ಮನ ಸೋಲದಿರಲಿ



ನಮ್ಮ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪನವರು 1930ರಲ್ಲಿ ಗಾಂಧೀಜಿಯವರೊಡನೆ ಸಾಬರಮತಿಯಿಂದ ದಂಡಿಯವರೆಗೆ ನಡೆದರು. ಅವರ ಹೆಸರು ಹೇಳಿ ಮಕ್ಕಳಿಗೆ ಧೈರ್ಯ ಕಲಿಸುತ್ತೇವೆ. ಆದರೆ ಓಣಿ ದಾಟಿ ಶಾಲೆಗೆ ಹೋಗುವುದೇ ದಂಡಿಯಷ್ಟು ದೂರವಾದ ಮಗುವೂ ಯಾವುದಾದರೊಂದು ಮನೆಯಲ್ಲಿ ಇರಬಹುದು. ಈ ಪಾಠ ಆ ಮಗುವಿನದು.

ಗುರುತು: ಎರಡರಿಂದ ಐದು ವರ್ಷದ ಹುಡುಗನು ಪದೇ ಪದೇ ಬೀಳುತ್ತಾನೆಯೇ? ತುದಿಗಾಲಲ್ಲಿ ನಡೆಯುತ್ತಾನೆಯೇ? ನೆಲದಿಂದ ಏಳುವಾಗ ತೊಡೆಯ ಮೇಲೆ ಕೈಯೂರುತ್ತಾನೆಯೇ? ಮೀನಖಂಡ ದಪ್ಪಗಿದ್ದರೂ ಮೆಟ್ಟಿಲು ಹತ್ತಲಾರನೇ? ಸೋಮಾರಿಯೆಂದು ಗದರಿಸಬೇಡಿರಿ. ಅದು ಡುಷೆನ್ ಎಂಬ ಸ್ನಾಯುಕ್ಷಯ ರೋಗವಿರಬಹುದು. ಸ್ನಾಯುವನ್ನು ಕಾಪಾಡುವ ಒಂದು ಸಸಾರಜನಕವು ದೇಹದಲ್ಲಿ ತಯಾರಾಗದೆ ಸ್ನಾಯು ಸವೆಯುತ್ತ ಹೋಗುತ್ತದೆ. ಇದು ಅಂಟುರೋಗವಲ್ಲ, ಶಾಪವಲ್ಲ, ತಾಯಿಯ ತಪ್ಪೂ ಅಲ್ಲ. ಹಿಂದೆ ಯಾರಿಗೂ ಇಲ್ಲದ ಮನೆಯಲ್ಲಿಯೂ ಹೊಸದಾಗಿ ಬರುವುದುಂಟು.

ಉಪಚಾರ: ತಡಮಾಡದೆ ಸರಕಾರಿ ಆಸ್ಪತ್ರೆಗೆ ತೋರಿಸಿರಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಈ ರೋಗದ ತಜ್ಞರಿದ್ದಾರೆ. ಪೂರ್ಣ ಗುಣಪಡಿಸುವ ಔಷಧ ಇನ್ನೂ ಇಲ್ಲ. ನಡೆದಾಡುವ ಕಾಲವನ್ನು ಹೆಚ್ಚಿಸುವ ಮಾತ್ರೆಗಳಿವೆ. ಅವನ್ನು ವೈದ್ಯರನ್ನು ಕೇಳದೆ ಒಮ್ಮೆಲೇ ನಿಲ್ಲಿಸಬಾರದು. ಹೃದಯ, ಉಸಿರಾಟಗಳ ಪರೀಕ್ಷೆಯನ್ನು ತಪ್ಪಿಸಬೇಡಿರಿ. ವೈದ್ಯರು ಕಲಿಸಿದಂತೆ ಹಿಮ್ಮಡಿಯ ನರಗಳನ್ನು ದಿನವೂ ಮೆಲ್ಲಗೆ ಎಳೆದು ಸಡಿಲಿಸಿರಿ. ಬಲ ಬರಲೆಂದು ಭಾರ ಹೊರಿಸುವುದು, ಓಡಿಸುವುದು ಕೂಡದು.

ಹಕ್ಕು: 2016ರ ಅಂಗವಿಕಲರ ಹಕ್ಕುಗಳ ಕಾಯದೆಯಲ್ಲಿ ಸ್ನಾಯುಕ್ಷಯವೂ ಸೇರಿದೆ. ಶೇಕಡಾ 40 ಅಥವಾ ಹೆಚ್ಚು ಊನವಿರುವ ಮಗುವಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕಿದೆ. ಪ್ರಮಾಣಪತ್ರ ಮಾಡಿಸಿಕೊಳ್ಳಿರಿ.

ಮನೋಬಲ: ಎಷ್ಟೋ ಹುಡುಗರಿಗೆ 12 ವರ್ಷದ ಆಸುಪಾಸಿನಲ್ಲಿ ಗಾಲಿಕುರ್ಚಿ ಬೇಕಾಗುತ್ತದೆ. ಅದು ಸೋಲಲ್ಲ, ಅವನ ಬಂಡಿ. ಹೊಸ್ತಿಲಿಗೊಂದು ಇಳಿಜಾರು ಕಟ್ಟಿರಿ. ರೋಗದ ವಿಷಯ ಅವನು ಕೇಳಿದಷ್ಟನ್ನು ಮುಚ್ಚಿಡದೆ ಹೇಳಿರಿ. ಬಂದವರು "ಹುಡುಗ ಹೇಗಿದ್ದಾನೆ?" ಎಂದು ನಿಮ್ಮನ್ನು ಕೇಳಿದರೆ ಉತ್ತರ ಅವನೇ ಕೊಡಲಿ. ಹಾಲಿನ ಲೆಕ್ಕ, ಮೆಣಸಿನಕಾಯಿ ಚೀಲಗಳ ಲೆಕ್ಕ ಅವನಿಗೆ ಒಪ್ಪಿಸಿರಿ. ತಪ್ಪಿದರೆ ತಿದ್ದಿರಿ, ಕನಿಕರದಿಂದ ಕೆಲಸ ಕಸಿದುಕೊಳ್ಳಬೇಡಿರಿ. ತನ್ನಿಂದ ಮನೆಗೆ ಉಪಯೋಗವಿದೆಯೆಂದು ಕಂಡುಕೊಂಡ ಮಗುವಿಗೆ ಧೈರ್ಯ ತಾನಾಗಿ ಬರುತ್ತದೆ.

ಮಳೆ ಕಡಿಮೆಯಾಯಿತೆಂದು ನಾವು ಹೊಲ ಬೀಳು ಬಿಡುತ್ತೇವೆಯೇ? ಇದ್ದ ಹಸಿಗೆ ಬರುವ ಬೆಳೆಯನ್ನು ಬಿತ್ತುತ್ತೇವೆ. ಮಗುವಿನ ವಿಷಯದಲ್ಲಿಯೂ ಹಾಗೆಯೇ ನಡೆಯೋಣ.