ಎರಡನೆಯ ಹಾದಿಯನ್ನೂ ಸೇರಿಸಿಕೊಳ್ಳುವ ಮುನ್ನ

ಅಮೆರಿಕದ ಅಪಲೇಚಿಯನ್ ಟ್ರೇಲ್ ಜಾರ್ಜಿಯದಿಂದ ಮೇನ್ ರಾಜ್ಯದ ಕಟಾಡಿನ್ ಬೆಟ್ಟದವರೆಗೆ ಸುಮಾರು 3,500 ಕಿ.ಮೀ. ಸಾಗುವ ಕಾಲುಹಾದಿ. ಅದನ್ನು ಒಂದೇ ಋತುವಿನಲ್ಲಿ ನಡೆಯುವವರು ಜೊತೆಗೆ ಸೇರಿಸಿಕೊಳ್ಳಬಹುದಾದ ಇನ್ನೊಂದು ಹಾದಿ ವರ್ಮಾಂಟ್‌ನ ಲಾಂಗ್ ಟ್ರೇಲ್. ಗ್ರೀನ್ ಮೌಂಟನ್ ಕ್ಲಬ್ 1910ರಿಂದ 1930ರ ನಡುವೆ ರೂಪಿಸಿದ ಇದರ ಉದ್ದ ಸುಮಾರು 438 ಕಿ.ಮೀ. ದಕ್ಷಿಣದ 160 ಕಿ.ಮೀ.ಗೂ ಹೆಚ್ಚು ದೂರ ಎರಡೂ ಹಾದಿಗಳು ಒಂದೇ. ಕಿಲಿಂಗ್ಟನ್ ಬಳಿಯ ಮೇನ್ ಜಂಕ್ಷನ್‌ನಲ್ಲಿ ಅವು ಕವಲೊಡೆಯುತ್ತವೆ. ಅಲ್ಲಿಂದ ಕೆನಡಾ ಗಡಿಗೆ ಉಳಿಯುವುದು ಸುಮಾರು 270 ಕಿ.ಮೀ. ಮಾತ್ರ.

ಮೊದಲು ನೋಡಬೇಕಾದದ್ದು ಕ್ಯಾಲೆಂಡರ್. ಕಟಾಡಿನ್ ಏರುವುದನ್ನು ಅಕ್ಟೋಬರ್ 15ರೊಳಗೆ ಮುಗಿಸುವುದು ಸುರಕ್ಷಿತ. ಆಮೇಲೆ ಹವಾಮಾನವನ್ನು ನಂಬುವಂತಿಲ್ಲ. ಕವಲಿಗೆ ಬೇಗ ತಲುಪಿದವರು ನೇರ ಉತ್ತರಕ್ಕೆ ಹೋಗಿ, ವಾಹನದಲ್ಲಿ ಕವಲಿಗೆ ಮರಳಿ ಮುಂದುವರಿಯಬಹುದು. ತಡವಾದವರು ಕಟಾಡಿನ್ ಮುಗಿಸುವುದಕ್ಕೇ ಆದ್ಯತೆ ಕೊಡಬೇಕು. ಉಳಿದ ತುಂಡನ್ನು ಮುಂದಿನ ಬೇಸಿಗೆಗೆ ಇಟ್ಟುಕೊಂಡರೂ ನಷ್ಟವಿಲ್ಲ.

ಎರಡನೆಯದು ನೆಲದ ಸ್ವಭಾವ. ಉತ್ತರ ಭಾಗದಲ್ಲಿ ಕ್ಯಾಮಲ್ಸ್ ಹಂಪ್, ಸುಮಾರು 1,340 ಮೀಟರ್ ಎತ್ತರದ ಮ್ಯಾನ್ಸ್‌ಫೀಲ್ಡ್ ಶಿಖರಗಳಿವೆ. ಕಡಿದಾದ ಬಂಡೆ, ಏಣಿ, ಕೆಸರು ನಡಿಗೆಯನ್ನು ನಿಧಾನಗೊಳಿಸುತ್ತವೆ. ದಿನಕ್ಕೆ ಕ್ರಮಿಸುವ ದೂರವನ್ನು ಕಡಿಮೆಯೆಂದೇ ಹಿಡಿದು ಊಟದ ಸಾಮಾನು ಲೆಕ್ಕ ಹಾಕಬೇಕು.

ಹಾದಿ ಮುಗಿಯುವುದು ಗಡಿಯ ಕಾಡಿನಲ್ಲಿ. ರಸ್ತೆಗೆ ಇನ್ನೂ ಸುಮಾರು 2 ಕಿ.ಮೀ. ನಡೆಯಬೇಕು. ಮರಳುವ ವಾಹನವನ್ನು ಮೊದಲೇ ಗೊತ್ತುಮಾಡಿಕೊಳ್ಳುವುದು ಒಳ್ಳೆಯದು. ಕೊನೆಯ ತೀರ್ಮಾನವನ್ನು ಕವಲಿನಲ್ಲಿಯೇ, ಮಂಡಿ, ಬೂಟು, ಕೈಯಲ್ಲಿರುವ ಹಣ ಈ ಮೂರನ್ನೂ ನೋಡಿಕೊಂಡು ಕೈಗೊಳ್ಳಬೇಕು.