ಪೀಠವನ್ನೂ ಚಿತ್ರದೊಳಗೆ ತನ್ನಿ
ಹೊಯ್ಸಳ ಶಿಲ್ಪ ನೋಡಲು ಹೊರಟವರೇ, ಮೊಬೈಲಿನಲ್ಲಿ ಮೂರ್ತಿಯ ಮುಖವನ್ನಷ್ಟೇ ಸೆರೆಹಿಡಿದು ಬರಬೇಡಿ. ಕೆಳಗಿನ ಪೀಠದಲ್ಲಿ ರೂವಾರಿಯ ಹೆಸರಿರಬಹುದು. ಹೊಯ್ಸಳರ ಕಾಲದ ಶಿಲ್ಪಿ ಮಲ್ಲಿತಮ್ಮ ನುಗ್ಗೇಹಳ್ಳಿಯಲ್ಲೂ ಸೋಮನಾಥಪುರದಲ್ಲೂ ಕೆತ್ತಿದನೆಂದು ನಮಗೆ ತಿಳಿದದ್ದು ಅಂಥ ಸಹಿಗಳಿಂದಲೇ. ಎರಡೂ ಊರಿನ ಚಿತ್ರಗಳನ್ನು ಪರದೆಯ ಮೇಲೆ ಅಕ್ಕಪಕ್ಕ ಇಟ್ಟು ಹಿಗ್ಗಿಸಿ. ಒಡವೆ, ಬೆರಳು, ಬಳ್ಳಿಯ ಸುರುಳಿಗಳಲ್ಲಿ ಒಂದೇ ಕೈಯ ಗುರುತು ಹುಡುಕುವ ಸುಖವೇ ಬೇರೆ.

ಅಕ್ಷರ ಸವೆದಿದ್ದರೆ ಸೀಮೆಸುಣ್ಣ ಬಳಿಯಬೇಡಿ, ಕಲ್ಲಿಗೆ ಹಾನಿ. ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದು, ಬೆಳಕಿನ ದಿಕ್ಕು ಬದಲಿಸುತ್ತ ಹಲವು ಚಿತ್ರ ತೆಗೆಯಿರಿ. ಓದಿದ್ದನ್ನು ಶಾಸನಗಳ ಸಂಪುಟಮಾಲೆಯಾದ ‘ಎಪಿಗ್ರಾಫಿಯಾ ಕರ್ನಾಟಿಕ’ದ ಪಾಠದೊಂದಿಗೆ ತಾಳೆ ನೋಡಿ, ಅದರ ಹಳೆಯ ಸಂಪುಟಗಳು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ.

ಪ್ರತಿ ಚಿತ್ರಕ್ಕೂ ಊರು, ಗೋಡೆಯ ದಿಕ್ಕು, ತಾರೀಕು ಅಂದೇ ಬರೆದಿಡಿ. ಇವಿಲ್ಲದ ಚಿತ್ರ ಅಭ್ಯಾಸಕ್ಕೆ ಬಾರದು.